ಹಡಗಿನಲ್ಲೊಂದು ಖಾಲಿ ಮಂಚ

ಗಿಂಡಿ, ಚೆನ್ನೈ
೧೪ ಮೇ ೨೦೨೫

ಜಯಪ್ರಕಾಶರಿಗೆ ವಿನೋದಾಳ ನಮಸ್ಕಾರ.

ಕ್ಷೇಮ ಕೇಳುವ ಮನಸ್ಸಿಲ್ಲ. ಬೆಸೆಂಟ್ ನಗರದಲ್ಲಿ ಕಡಲ ಗಾಳಿ ಕುಡಿದುಕೊಂಡು ಒಬ್ಬರೇ ಚೆನ್ನಾಗಿದ್ದೀರಿ ಎಂದು ನಿಮ್ಮ ಕಚೇರಿಯ ಹರಿದಾಸರು ಹೇಳಿದರು. ನಿನ್ನೆ ನಮ್ಮ ಹೋಟೆಲಿಗೆ ಬಂದಿದ್ದರು. ನಾವು ಬೇರೆಯಾದರೂ ಅವರಿಗೆ ನಾನಿನ್ನೂ ಅತ್ತಿಗೆಯೇ. ದೋಸೆ ಮುರಿಯುತ್ತ ನಿಮ್ಮನ್ನು ಹೊಗಳಿದ್ದೇ ಹೊಗಳಿದ್ದು. ಉತ್ತರ ಧ್ರುವದ ಕಡಲಿಗೆ ನಮ್ಮದೇ ಹಿಮ ಒಡೆಯುವ ಹಡಗು ಬೇಕೇ ಎಂದು ನೋಡುವ ಸರ್ಕಾರಿ ಸಮಿತಿಯಲ್ಲಿ ನೀವು ಮಾತಾಡಿದ ಮೇಲೆ ಎಲ್ಲರೂ ತಲೆದೂಗಿದರಂತೆ. ಇನ್ನು ಹತ್ತು ವರ್ಷ ಬೇಡ, ಬಾಡಿಗೆಯ ಹಳೇ ಹಡಗೇ ಸಾಕು, ಹಿಮದಲ್ಲಿ ಸಿಕ್ಕಿಕೊಂಡರೆ ಅಲ್ಲಿಯ ದೇಶದವರನ್ನು ಕರೆದರಾಯಿತು ಎಂದಿರಂತೆ.

ಕರೆದರಾಯಿತೇ? ಗ್ಯಾಸ್ ಮುಗಿದ ದಿನ ಪಕ್ಕದ ಹೋಟೆಲಿನವನನ್ನು ಕೇಳಿ ನೋಡಿದವಳು ನಾನು. ಮನಸ್ಸಿದ್ದರೆ ಕೊಡುತ್ತಾನೆ. ಮುನಿಸಿದ್ದರೆ ನಮ್ಮ ಒಲೆ ಆರುವುದನ್ನು ನೋಡುತ್ತ ನಿಲ್ಲುತ್ತಾನೆ. ದೇಶಗಳು ಅವನಿಗಿಂತ ಒಳ್ಳೆಯವೇ?

ಆ ಬಾಡಿಗೆ ಹಡಗಿನಲ್ಲಿ ಜುಲೈಗೆ ಹೊರಡುವವರಲ್ಲಿ ನಿಮ್ಮ ಮಗಳು ಅನ್ವಿತಾ ಇದ್ದಾಳೆ. ಕಡಲ ನೀರು ಪರೀಕ್ಷಿಸುವ ಕೆಲಸ. ಅಪ್ಪನಿಗೆ ಹೇಳಬೇಡ, ನನ್ನೊಬ್ಬಳ ಹೆಸರು ತೆಗೆಸಿಬಿಡುತ್ತಾರೆ ಎಂದು ಆಣೆ ಹಾಕಿಸಿಕೊಂಡಿದ್ದಳು, ಅದೂ ತಮಿಳಿನಲ್ಲಿ. ಸಿಟ್ಟು ಬಂದರೆ ಅವಳಿಗೆ ಕನ್ನಡ ಮರೆಯುತ್ತದೆ. ಹರಿದಾಸರ ಮಾತು ಕೇಳಿದ ಮೇಲೆ ಆಣೆ ಮುರಿದಿದ್ದೇನೆ.

ಈಗ ನಿಮ್ಮ ಕೈ ಫೋನಿಗೆ ಹೋಗಿರುತ್ತದೆ. ಕೆಳಗಿಡಿ. ಬೇರೆಯವರ ಮಕ್ಕಳಿಗೆ ಸಾಕಾದ ಹಡಗು ನಿಮ್ಮ ಮಗಳಿಗೆ ಸಾಲದಾಯಿತೇ? ಅವಳೊಬ್ಬಳನ್ನೇ ಇಳಿಸಿದರೆ ಅವಳೂ ನಿಮ್ಮ ಮುಖ ನೋಡುವುದಿಲ್ಲ. ನಾನಂತೂ ಮೊದಲೇ ಬಿಟ್ಟಿದ್ದೇನೆ.

ನಮ್ಮೂರಿನ ಕಟ್ಟಳೆ ನೆನಪಿದೆಯೇ? ಹೊಸ ದೋಣಿ ನೀರಿಗಿಳಿದ ದಿನ ಕಟ್ಟಿದ ಆಚಾರಿಯೇ ಮೊದಲು ಹೆಂಡತಿ ಮಕ್ಕಳ ಸಮೇತ ಹತ್ತಿ, ಹೊಳೆ ಕಡಲು ಸೇರುವ ಅಳಿವೆ ದಾಟಿ ಬರಬೇಕು. ಆಮೇಲೆಯೇ ಅವನಿಗೆ ಕೂಲಿ, ವೀಳ್ಯ. ಒಬ್ಬ ಆಚಾರಿ ಹೊಟ್ಟೆನೋವೆಂದು ಮಲಗಿಬಿಟ್ಟನಂತೆ. ಊರವರು ಮಂಚದ ಸಮೇತ ಅವನನ್ನು ದೋಣಿಗೇರಿಸಿದರು. ಅಳಿವೆ ಮುಟ್ಟುವ ಮೊದಲೇ ನೋವು ಹೋಯಿತು, ಸೋರುವ ಹಲಗೆ ಯಾವುದೆಂದು ತಾನೇ ತೋರಿಸಿದ ಎಂದು ಅಜ್ಜಿ ನಗುತ್ತಿದ್ದಳು. ನನಗೆ ಈಗ ನಗು ಬರುತ್ತಿಲ್ಲ.

ಸೋಮವಾರ ನಿಮ್ಮ ಕೊನೆಯ ಸಭೆ. ಹಡಗು ಸಾಲದು ಎನ್ನುವುದಾದರೆ ಎಲ್ಲರಿಗಾಗಿ ಎನ್ನಿ. ಸಾಕು ಎನ್ನುವುದಾದರೆ ನೀವೂ ಹತ್ತಿ.

ಇಂತಿ,
ಅನ್ವಿತಾಳ ತಾಯಿ
ವಿನೋದಾ

ಮರೆತಿದ್ದೆ: ಸಮಿತಿಯವರಿಗೆಂದು ಆ ಹಡಗಿನಲ್ಲಿ ಒಂದು ಮಂಚ ಇಟ್ಟಿದ್ದಾರಂತೆ. ಇನ್ನೂ ಯಾರೂ ಹೆಸರು ಕೊಟ್ಟಿಲ್ಲ. ಮದುವೆಯಾದ ವರ್ಷ ಊಟಿಯಲ್ಲಿ ಕೊಂಡ ನಿಮ್ಮ ಮಫ್ಲರ್ ಈ ಪತ್ರದ ಜೊತೆಗಿದೆ. ಒಗೆದಿದ್ದೇನೆ. ಇಷ್ಟು ದಿನ ಯಾಕೆ ಇಟ್ಟುಕೊಂಡಿದ್ದೆ ಎಂದು ಕೇಳಬೇಡಿ.