ಬೂಸ್ಟ್ ಒತ್ತಿದ ಮೇಲೆ

ಪ್ರೀತಿಯ ಲೋಹಿತಣ್ಣ,

ಆನೇಮಹಲ್‌ನ ಆರತಕ್ಷತೆಯಲ್ಲಿ ನಮ್ಮ ಬ್ಯಾಂಡ್ ನುಡಿಸಿ ವಾರವಾಯಿತು. ಅವತ್ತಿನಿಂದ ನಾನು ಬಾಸ್ ಗಿಟಾರ್ ಮುಟ್ಟಿಲ್ಲ. ಇದು ಫೋನಿನಲ್ಲಿ ಹೇಳುವ ಮಾತಲ್ಲ. ಹೇಳಿದರೂ ನಿನಗೆ ಎಷ್ಟು ಕೇಳಿಸುತ್ತದೋ ಗೊತ್ತಿಲ್ಲ.

ನಿನಗೆ ಗಿಟಾರಿನ ಸದ್ದು ಏರಿಸುವ ಆ ಟ್ಯೂಬ್ ಆಂಪ್ ಎಂದರೆ ಜೀವ. ಹಾಡಿನ ನಡುವೆ ಗಿಟಾರ್ ಒಂದೇ ಮುಂದೆ ಬಂದು ಲೀಡ್ ನುಡಿಸುವಾಗ, ಕಾಲಿನಿಂದ ಒತ್ತುವ ಬೂಸ್ಟ್ ಪೆಡಲ್ ಯಾಕೆ ಬೇಕೆಂದು ನನಗೆ ಕಲಿಸಿದವನೂ ನೀನೇ. ಆಂಪ್ ಆಗಲೇ ಕಾದು ಸದ್ದು ತುಂಬಿಕೊಂಡಿರುವಾಗ ಅದರ ಮುಂದೆ ಪೆಡಲ್ ಇಟ್ಟು ಒತ್ತಿದರೆ ಸದ್ದು ಅಷ್ಟೇನೂ ಜೋರಾಗುವುದಿಲ್ಲ, ದಪ್ಪವಾಗುತ್ತದೆ, ಸ್ವರ ಹೆಚ್ಚು ಹೊತ್ತು ನಿಲ್ಲುತ್ತದೆ. ಜೋರು ಬೇಕಾದರೆ ಆಂಪ್‌ನ ಹಿಂಬದಿಯಲ್ಲಿರುವ ಲೂಪ್ ಎಂಬ ಕಿಂಡಿಗೆ ಇನ್ನೊಂದು ಪೆಡಲ್ ಸಿಕ್ಕಿಸಬೇಕು ಎನ್ನುತ್ತಿದ್ದೆ. “ಲೀಡು ಅಂದ್ರೆ ಕಿರ್ಚೋದಲ್ಲ ಕಣೇ, ಹಾಡೋದು,” ಎಂದು ನನ್ನನ್ನು ತಿದ್ದಿದ್ದೆ. ಅಂಥವನು ಈ ವರ್ಷ ಎರಡು ಪೆಡಲ್‌ಗಳ ಗುಂಡಿಯನ್ನೂ ಪೂರ್ತಿ ತಿರುಗಿಸಿ ಇಡತೊಡಗಿದೆ. ಡ್ರಮ್ಸ್ ಬಾರಿಸುವ ಬಾಲು ಗೊಣಗಿದ. ಇದು ನಿನ್ನ ಹೊಸ ಶೋಕಿ ಎಂದು ನಾವು ನಕ್ಕೆವು.

ಆರತಕ್ಷತೆಯ ದಿನ ಹಾಡಿನ ನಡುವೆ ನೀನು ಮುಂದೆ ಬಂದು ಎರಡೂ ಪೆಡಲ್ ಒತ್ತಿದೆ. ಮೊದಲ ಸ್ವರಗಳು ಚೆನ್ನಾಗಿಯೇ ಬಂದವು. ಆಮೇಲೆ ಆಂಪ್ ಕೂಗತೊಡಗಿತು. ಸಣ್ಣಗೆ ಶುರುವಾದ ಸಿಳ್ಳೆ ಕಿವಿಗೆ ಸೂಜಿ ಚುಚ್ಚಿದ ಹಾಗೆ ಏರಿತು. ಮದುಮಗಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಬಾಲು ಬಾರಿಸುವುದನ್ನು ನಿಲ್ಲಿಸಿಬಿಟ್ಟ. ಇಡೀ ಛತ್ರ ನಿನ್ನನ್ನೇ ನೋಡುತ್ತಿತ್ತು. ನೀನು ಮಾತ್ರ ಆಂಪ್ ಪಕ್ಕದಲ್ಲೇ ಕಣ್ಣು ಮುಚ್ಚಿ ನಿಂತು, ನಗುನಗುತ್ತಾ ನುಡಿಸುತ್ತಿದ್ದೆ.

ನಾನು ಓಡಿಹೋಗಿ ಆಂಪ್ ಆರಿಸಿದೆ.

“ಯಾಕೆ ಆಫ್ ಮಾಡ್ಬುಟ್ಟೆ? ಚೆನ್ನಾಗ್ ಬರ್ತಿತ್ತಲ್ಲ,” ಎಂದು ಕೇಳಿದೆ ನೀನು. ಸಿಳ್ಳೆ ಹೊಡೆಯುತ್ತಿತ್ತು ಎಂದು ನಾನು ಹೇಳಿದೆ.

“ಯಾವ ಸಿಳ್ಳೆ?”

ನಮ್ಮೆಲ್ಲರ ಮುಖ ನೋಡಿ ನಿನಗೂ ಅರ್ಥವಾಯಿತು. ನೀನು ಗಿಟಾರನ್ನು ಚೀಲಕ್ಕೆ ಹಾಕಿ ಹೊರಟುಬಿಟ್ಟೆ.

ನಾನು ಮೋನಿಕಾ ಅತ್ತಿಗೆಗೆ ಫೋನ್ ಮಾಡಿದೆ. ಅವರು ಅತ್ತುಬಿಟ್ಟರು. “ಪಕ್ಕದಲ್ಲೇ ಕುಕ್ಕರ್ ಕೂಗಿದ್ರೂ ಅವ್ರಿಗೆ ಗೊತ್ತಾಗಲ್ಲ ಚೈತ್ರ. ಯಾರ್ಗೂ ಹೇಳ್ಬೇಡ ಅಂದವ್ರೆ,” ಎಂದರು.

ಭಾನುವಾರ ನಾನು ಯಸಳೂರಿನ ನಿಮ್ಮ ಮನೆಗೆ ಬಂದಿದ್ದೆ. ನಿನಗೆ ಗೊತ್ತಿಲ್ಲ. ಕಾಫಿ ಮೂಟೆಗಳನ್ನು ಇಡುವ ಸ್ಟೋರ್‌ನ ಬಾಗಿಲು ತೆರೆದಿತ್ತು. ನೀನು ಮೂಟೆಯ ಮೇಲೆ ನನಗೆ ಬೆನ್ನು ಮಾಡಿ ಕೂತಿದ್ದೆ. ಆಂಪ್ ಆರಿತ್ತು. ದವಡೆಯನ್ನು ಗಿಟಾರಿನ ಮರಕ್ಕೆ ಬಲವಾಗಿ ಒತ್ತಿಕೊಂಡು ಅದೇ ಲೀಡ್ ನುಡಿಸುತ್ತಿದ್ದೆ. ಬರೀ ತಂತಿಯ ಸಣ್ಣ ಸದ್ದು. ಒಂದು ಸ್ವರವೂ ತಪ್ಪಿರಲಿಲ್ಲ. ಅಣ್ಣ ಎಂದು ಕರೆದೆ. ಇನ್ನೂ ಜೋರಾಗಿ ಕರೆದೆ. ನೀನು ತಿರುಗಲಿಲ್ಲ. ಎಷ್ಟು ದಿನದಿಂದ ಹೀಗೆ ಮೂಳೆಯಿಂದ ಕೇಳುತ್ತಿದ್ದೀಯ? ನಾನು ಒಳಗೆ ಬರಲಿಲ್ಲ. ಹಾಗೇ ಬಸ್ಸು ಹತ್ತಿದೆ.

ಹಾಸನದಲ್ಲಿ ಕಿವಿ ಡಾಕ್ಟರ ಹತ್ತಿರ ನಿನ್ನ ಹೆಸರು ಬರೆಸಿದ್ದೇನೆ. ಗುರುವಾರ ಬೆಳಿಗ್ಗೆ ಕಾರು ತರುತ್ತೇನೆ, ಸಿದ್ಧನಾಗಿರು. ಅವರು ಏನು ಹೇಳುತ್ತಾರೋ ಎಂದು ನನಗೂ ಭಯ. ಬ್ಯಾಂಡ್ ಬಿಡುತ್ತೇನೆಂದು ಬಾಲುಗೆ ಮೆಸೇಜ್ ಕಳಿಸಿದ್ದೀಯಂತೆ. ನಾವಿಬ್ಬರೂ ಅದನ್ನು ಒಪ್ಪಿಲ್ಲ. ಡಾಕ್ಟರು ಬೇಡವೆನ್ನದಿದ್ದರೆ ನೀನು ನುಡಿಸು, ಅವರು ಹೇಳಿದಷ್ಟೇ ಸದ್ದಿನಲ್ಲಿ. ಆಂಪ್ ಕೂಗಿದರೆ ನಾನು ನಿನ್ನ ಭುಜ ಮುಟ್ಟುತ್ತೇನೆ, ಆಗ ಪೆಡಲ್ ಆರಿಸು.

ದೇವರು ನಿನ್ನ ಕೈಬಿಡದಿರಲಿ, ಅಣ್ಣ. ನಾನಂತೂ ಬಿಡುವುದಿಲ್ಲ.

ನಿನ್ನ ತಂಗಿ,
ಚೈತ್ರಶ್ರೀ
ಸಕಲೇಶಪುರ