ಎರಡೇ ಆಯ್ಕೆಗಳಿದ್ದ ಕಾಲಂ

ಹೊಸ ಹೊನ್ನಾವರ
30 ಫೆಬ್ರುವರಿ 2219

ನಿಮ್ಮ ಕಾಲದಲ್ಲಿ ವೆಬ್ ಫಾರಂಗಳನ್ನು ಕಟ್ಟುತ್ತಿರುವವರಿಗೆ,

ಈ ತಾರೀಖು ನಿಮಗೆ ತಪ್ಪೆನಿಸಬಹುದು. ನಮ್ಮ ಫೆಬ್ರುವರಿಗೆ ಮೂವತ್ತು ದಿನ. ನನ್ನ ಮಾತುಗಳೂ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ನಿಮ್ಮ ಫಾರಂಗೆ ನಾವು ತುಂಬುಹಲಗೆ ಎನ್ನುತ್ತೇವೆ. ಅದು ಮೇಜಿನಷ್ಟಗಲದ ಗಾಜು. ಬೆರಳಿಟ್ಟರೆ ಪ್ರಶ್ನೆಗಳು ಮೂಡುತ್ತವೆ. ಕಾಲಂ ಎಂಬ ನಿಮ್ಮ ಪದ ಮಾತ್ರ ಹಾಗೇ ಉಳಿದಿದೆ, ಕಡ್ಡಾಯವೆಂದು ತೋರಿಸುವ ಕೆಂಪು ನಕ್ಷತ್ರವೂ.

ಕಡಲು ಹಳೆಯ ಊರನ್ನು ನುಂಗಿದ ವರ್ಷ, ಗುಡ್ಡದ ಮೇಲಿನ ಶಿಬಿರದಲ್ಲಿದ್ದವರಿಗೆ ಮನೆ ಹಂಚುವ ತುಂಬುಹಲಗೆಯನ್ನು ಮಾಡಿದವಳು ನಾನು. ಬೆಳಗ್ಗೆ ಪಾಚಿಹಿಟ್ಟಿನ ರೊಟ್ಟಿ ತಿಂದು ಜನ ಅದರ ಮುಂದೆ ಸಾಲು ನಿಲ್ಲುತ್ತಿದ್ದರು. ಕುಟುಂಬದ ಪ್ರತಿಯೊಬ್ಬರ ಹೆಸರಿನ ಮುಂದೆ 'ಸ್ಥಿತಿ' ಎಂಬ ಕಡ್ಡಾಯ ಕಾಲಂ ಇಟ್ಟಿದ್ದೆ. ಆಯ್ಕೆಗಳು ಎರಡೇ: ಜೀವಂತ, ಮೃತ. ಜೀವಂತ ಎಂದರೆ ಆ ವ್ಯಕ್ತಿಯೇ ಬಂದು ಹೆಬ್ಬೆಟ್ಟು ಒತ್ತಬೇಕು. ಪಟ್ಟಿ ಚೊಕ್ಕಟವಾಗಿರಬೇಕೆಂಬುದು ನನ್ನ ಹಟ.

ಒಂದು ದಿನ ಸಾಲಿನಲ್ಲಿ ಶೇವಂತಿ ಖಾರ್ವಿಯವರು ಬಂದರು. ಅವರ ಒಬ್ಬನೇ ಮಗ ದಾಮು ದೋಣಿಯಲ್ಲಿ ಹೋದವನು ಮರಳದೆ ನಲವತ್ತು ದಿನಗಳಾಗಿದ್ದವು.

"ಅಂವ ಇದ್ದಾನೋ ಇಲ್ವೋ ನಂಗೇ ಗೊತ್ತಿಲ್ಲ. ಗೊತ್ತಿಲ್ಲ ಅಂತ್ಲೇ ಬರಿ" ಎಂದರು.

"ಹಾಗೆ ಬರೆಯೋಕೆ ಜಾಗ ಇಲ್ಲ ಶೇವಂತಕ್ಕ. ಯಾವುದಾದ್ರೂ ಒಂದು ಹೇಳಿ. ಆಮೇಲೆ ತಿದ್ದಬಹುದು."

ತಿದ್ದಲು ದಾರಿಯೇ ಇರಲಿಲ್ಲ. ನಾನೇ ಇಟ್ಟಿರಲಿಲ್ಲ. ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಶೇವಂತಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡರು. ನಾನು ಕೈ ಚಾಚಿ 'ಮೃತ' ಒತ್ತಿಬಿಟ್ಟೆ. ಅಂದೇ ಅವರಿಗೆ ಮನೆ ಸಿಕ್ಕಿತು.

ಮೃತನೆಂದು ದಾಖಲಾದ ಕೂಡಲೇ, ಆಸ್ಪತ್ರೆಗಳಿಗೆ ಹೋಗುತ್ತಿದ್ದ ಕಾಣೆಯಾದವರ ಪಟ್ಟಿಯಿಂದ ದಾಮುವಿನ ಹೆಸರು, ಫೋಟೋ ಎರಡೂ ಅಳಿಸಿಹೋದವು. ದಕ್ಷಿಣದ ಒಂದು ಆಸ್ಪತ್ರೆಯಲ್ಲಿ ತಲೆಗೆ ಪೆಟ್ಟುಬಿದ್ದು ಮಾತು ಕಳೆದುಕೊಂಡಿದ್ದ ಒಬ್ಬ ಯುವಕನ ಮುಖವನ್ನು ನರ್ಸುಗಳು ದಿನವೂ ಆ ಪಟ್ಟಿಯೊಂದಿಗೆ ಹೋಲಿಸುತ್ತಿದ್ದರಂತೆ. ಏಳು ತಿಂಗಳ ಮೇಲೆ ಅವನು ತೀರಿಕೊಂಡ. ಶಿಬಿರಕ್ಕೆ ವರ್ಗವಾಗಿ ಬಂದ ನರ್ಸೊಬ್ಬಳ ಬಳಿಯಿದ್ದ ಚಿತ್ರ ನೋಡಿ ಶೇವಂತಕ್ಕ ಮಗನನ್ನು ಗುರುತಿಸಿದರು.

ವಿಚಾರಣೆ ನಡೆಯಿತು. ಈ ಕಾಲಂ ತುಂಬಿದ್ದು ಯಾರು ಎಂದು ಅಧಿಕಾರಿ ಕೇಳಿದಾಗ "ತಾಯಿಯೇ" ಎಂದೆ. ಎದುರಿನ ಬೆಂಚಿನಲ್ಲಿದ್ದ ಶೇವಂತಕ್ಕ ನನ್ನತ್ತ ಒಮ್ಮೆ ನೋಡಿದರು. ಏನೂ ಹೇಳಲಿಲ್ಲ. ಆ ಸುಳ್ಳಿನಿಂದ ನನ್ನ ಕೆಲಸ ಉಳಿಯಿತು. ಒಂಬತ್ತು ವರ್ಷ ಅವರ ಬೀದಿಯಲ್ಲಿ ಕಾಲಿಡಲು ನನ್ನಿಂದ ಆಗಲಿಲ್ಲ.

ಇಂದು ಬೆಳಗ್ಗೆ ಹೋದೆ. ಅಂಗಳದಲ್ಲಿ ಒಣಮೀನು ಹರಡುತ್ತಿದ್ದರು. ಎಲ್ಲವನ್ನೂ ಹೇಳಿ, "ಅವತ್ತು ಯಾಕೆ ಸುಮ್ಮನಿದ್ರಿ?" ಎಂದು ಕೇಳಿದೆ.

"ನೀ ಒತ್ತುವಾಗ ಬೇಡ ಅಂತ ನಾನೂ ಹೇಳ್ಲಿಲ್ಲಲ್ಲ" ಎಂದರು. ತನ್ನದಲ್ಲದ ತಪ್ಪನ್ನು ಆಕೆ ಇಷ್ಟು ವರ್ಷ ಹೊತ್ತಿದ್ದರು. ಮೀನು ಮಗುಚುತ್ತಾ ಅವರೇ ಕೇಳಿದರು: "ಆ ಹಲಗೆ ಈಗ್ಲೂ ಹಾಗೇ ಉಂಟಾ?"

"ಉಂಟು" ಎಂದೆ.

"ಮತ್ತೆ ಇಲ್ಲಿ ಕೂತು ಎಂತ ಮಾಡ್ತೀಯ? ಹೋಗು."

ಕಚೇರಿಗೆ ಬಂದು ಮೊದಲು ಅಧಿಕಾರಿಗೆ ನಿಜ ಬರೆದು ಕಳುಹಿಸಿದೆ. ನಾಳೆಯಿಂದ ಈ ಕುರ್ಚಿ ನನ್ನದಲ್ಲ; ಹಲಗೆಗೆ 'ಗೊತ್ತಿಲ್ಲ' ಎಂಬ ಆಯ್ಕೆ ಸೇರಿಸಲು ಇವತ್ತೊಂದೇ ದಿನ ಉಳಿದಿದೆ. ನಿಮಗೆ ಇನ್ನೂ ಸಮಯವಿದೆ. ಕೆಂಪು ನಕ್ಷತ್ರ ಇಡುವ ಮುನ್ನ, ಉತ್ತರವಿಲ್ಲದ ಒಬ್ಬರ ಪಕ್ಕದಲ್ಲಿ ಕೂತು ಅವರ ಕೈ ಎಲ್ಲಿ ತಡೆಯುತ್ತದೆಂದು ನೋಡಿ.

ಮಂದಾಕಿನಿ ಮೇಸ್ತ