ನಂಜು ಎಂದ ಒಣಮೀನು

ಅಕ್ಕಾ,

ಓರಗಿತ್ತಿಯನ್ನು ಅಕ್ಕ ಎಂದು ಕರೆಯುವುದು ರೂಢಿ, ಅದಕ್ಕೇ ಕರೆಯುತ್ತಿದ್ದೆ. ಬಾಯಲ್ಲಿ ಅಕ್ಕ, ಹೊಟ್ಟೆಯಲ್ಲಿ ಕಿಚ್ಚು. ನಿನಗೆ ಗೊತ್ತಿತ್ತಾ? ಚಳಿಜ್ವರ ನಿನ್ನನ್ನು ಕೊಂಡೊಯ್ದು ಎರಡು ವರ್ಷವಾಯಿತು. ನೀನೇ ಕಲಿಸಿದ ಅಕ್ಷರದಲ್ಲಿ ಇದನ್ನು ಬರೆಯುತ್ತಿದ್ದೇನೆ. ನಿನಗೆ ಓದು ಬರುತ್ತದೆ, ನನಗೆ ಬರುವುದಿಲ್ಲ ಎಂದು ಅದಕ್ಕೂ ಉರಿದವಳು ನಾನು.

ಮದುವೆಯಾಗಿ ಈ ಮನೆಗೆ ಬಂದ ದಿನ ಮೊದಲು ನೋಡಿದ್ದು ನಿನ್ನ ಕೊರಳನ್ನು. ಘಟ್ಟದ ಕೆಳಗಿನವಳ ನುಣುಪು ಕೊರಳು, ಅದರ ಮೇಲೆ ಕರಿಮಣಿ ಎಷ್ಟು ಚಂದ ಕೂತಿತ್ತು! ನಾನು ಕಳಸದ ಕಡೆಯ ಗುಡ್ಡದವಳು. ಅವ್ವನಿಗೂ ಚಿಕ್ಕವ್ವನಿಗೂ ಗಂಟಲಲ್ಲಿ ಗಡ್ಡೆ, ನನಗೂ ಆಗಲೇ ಮೂಡಿತ್ತು. ಅದು ಕಾಯಿಲೆ ಎಂದು ಯಾರಿಗೆ ಗೊತ್ತಿತ್ತು? ಹೆಂಗಸರಿಗೆ ಇದ್ದದ್ದೇ ಅಂದುಕೊಂಡಿದ್ದೆವು. ಆದರೂ ನಿನ್ನ ಪಕ್ಕ ನಿಂತಾಗ ಸೆರಗು ಮೇಲೆಳೆದುಕೊಂಡೆ.

ಇಬ್ಬರೂ ಒಟ್ಟಿಗೆ ಬಸುರಾದ ವರ್ಷ ನೆನಪಿದೆಯಾ? ನಿನ್ನ ತವರಿಂದ ಬಯಕೆಯ ಬುತ್ತಿ ಗಾಡಿಯಲ್ಲಿ ಬಂತು. ಒಣ ಬಂಗುಡೆ, ಒಣ ಸಿಗಡಿ, ತಿಂಗಳುಗಟ್ಟಲೆ ಆಗುವಷ್ಟು. ನನ್ನ ತವರಿಂದ ಬಂದದ್ದು ಒಂದಿಷ್ಟು ಅವಲಕ್ಕಿ. ನೀನು ಕೆಂಡದಲ್ಲಿ ಬಂಗುಡೆ ಸುಟ್ಟು ಅರ್ಧ ನನ್ನ ತಟ್ಟೆಗೆ ಹಾಕಿದೆ. "ತಿನ್ನೇ ಮಾರಾಯ್ತಿ, ಇಬ್ರಿಗೂ ಅಂತ್ಲೇ ಅಮ್ಮ ಕಳ್ಸಿದ್ದು." ನಿನ್ನ ಅಮ್ಮನ ದಯೆ ನನಗೇಕೆ? "ನಂಗೆ ಒಣಮೀನು ನಂಜಾಗ್ತದೆ" ಎಂದುಬಿಟ್ಟೆ. ಹಸೀ ಸುಳ್ಳು. ಅತ್ತೆ ಕೇಳಿಸಿಕೊಂಡರು. "ಹಂಗಾರೆ ಅವ್ಳ ತಟ್ಟೆಗೆ ಹಾಕ್ಬ್ಯಾಡ, ಬಸ್ರಿ ಹೆಂಗ್ಸು" ಎಂದರು. ಮುಗಿಯಿತು. ಹೆರುವ ತನಕ ನನಗೆ ಸೊಪ್ಪು, ಕಳಲೆ, ಹೊಳೆಯ ಮೀನು. ನೀನು ಮೀನು ಸುಡುವಾಗ ಬಾಯಲ್ಲಿ ನೀರೂರಿ ಹಿತ್ತಲಿಗೆ ಎದ್ದುಹೋಗುತ್ತಿದ್ದೆ. ಒಮ್ಮೆ ನಂಜು ಅಂದವಳು ಮತ್ತೆ ತಿನ್ನುವುದು ಹೇಗೆ, ಹೇಳು...

ಮಳೆಗೆ ದಾರಿ ಕೆಟ್ಟು ಇಬ್ಬರಿಗೂ ಇಲ್ಲೇ ಹೆರಿಗೆಯಾಯಿತು. ನಿನ್ನ ಗಿರಿಜೆಯ ಅಳು ಬಿಳಿ ದೊರೆಯ ಕಾಫಿತೋಟದ ಕೂಲಿ ಲೈನಿನ ಮನೆಗಳವರೆಗೆ ಕೇಳಿಸಿತಂತೆ. ಹದಿನೈದು ದಿನಕ್ಕೆ ನನ್ನ ರಾಮು ಹುಟ್ಟಿದ. ಸಣ್ಣಗೆ ಒಮ್ಮೆ ನರಳಿದ, ಅಷ್ಟೆ. ಹಾಲು ಕುಡಿಯುತ್ತಲೇ ನಿದ್ದೆ. "ಎಷ್ಟು ಸಾಧು ಮಗು" ಎಂದು ಎಲ್ಲರೂ ಹೊಗಳಿದಾಗ, ಮೊದಲ ಸಲ ನಿನ್ನೆದುರು ಗೆದ್ದೆ ಅನ್ನಿಸಿತು. ಗೆದ್ದೆನಂತೆ! ಗಿರಿಜೆ ನಡೆದಳು, "ಅವ್ವಾ" ಅಂದಳು. ರಾಮು ಕೂರಲೂ ಇಲ್ಲ. ಅವನ ಬೆನ್ನ ಹಿಂದೆ ನಿಂತು ತಟ್ಟೆ ಬಡಿದೆ, ತಿರುಗಲಿಲ್ಲ. ನಿನ್ನ ಮಗಳು ನಿನ್ನನ್ನು ಕರೆದಾಗಲೆಲ್ಲ ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ.

ನೀನು ಹೋದ ಮರುವರ್ಷ ಅವನನ್ನು ಮೂಡಿಗೆರೆಯಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದೆವು. ಅವರು ಮಗುವಿಗಿಂತ ಮೊದಲು ನನ್ನ ಕೊರಳು ನೋಡಿದರು. "ಅಯೋಡಿನ್ ಅಂತ ಒಂದು ಅಂಶ ಇರ್ತದಮ್ಮ. ಸಮುದ್ರದ ಮೀನಲ್ಲಿ ಉಂಟು, ಈ ಗುಡ್ಡದ ಮಣ್ಣಲ್ಲಿ, ನೀರಲ್ಲಿ ಕಮ್ಮಿ. ಬಸುರೀಲಿ ತಾಯಿಗೆ ಸಾಲ್ದಿದ್ರೆ ಮಗೂನ ಬುದ್ಧಿಗೆ, ಕಿವಿಗೆ ಪೆಟ್ಟು. ನೀವು ಒಣಮೀನು ತಿಂತಿರ್ಲಿಲ್ವಾ?" ಇವನಿಗೆ ಈಗ ತಿನ್ನಿಸಿದರೆ ಎಂದೆ. "ಆಗಿದ್ದು ಪೂರ್ತಿ ಸರಿಯಾಗಲ್ಲ. ಮುಂದಿನ ಬಸುರೀಲಿ ಬಿಡ್ಬೇಡಿ" ಎಂದರು. ದಾರಿಯುದ್ದಕ್ಕೂ ನಿನ್ನನ್ನೇ ಬೈದೆ. ನನ್ನ ಬಾಯಿಗೆ ತುರುಕಬಾರದಿತ್ತಾ?

ಮತ್ತೆ ಮುಟ್ಟು ನಿಂತಾಗ ನಿನ್ನ ಅಮ್ಮನಿಗೆ ಕಾಗದ ಹಾಕಿದೆ. ನಂಜು ಅಂದದ್ದು ಸುಳ್ಳೆಂದೂ ಬರೆದೆ. ಉತ್ತರ ಬರಲಿಲ್ಲ, ಒಣಮೀನಿನ ಗಂಟು ಬಂತು. ಅತ್ತೆಯ ಎದುರೇ ಕೂತು ತಿಂದೆ. ಗಿರಿಜೆ ಪಕ್ಕದಲ್ಲಿ ಕೂತು ಕೇಳಿದಳು, ಕೊಟ್ಟೆ.

ಹೋದ ವಾರ ಹೆಣ್ಣು ಹುಟ್ಟಿತು, ಅಕ್ಕ. ಏನು ಗಂಟಲು ಅಂತೀಯ! ಅತ್ತರೆ ಮನೆಮಂದಿಯೆಲ್ಲ ಓಡಿ ಬರುತ್ತಾರೆ. ನಿನ್ನೆ ರಾಮು ತೆವಳಿಕೊಂಡು ಬಂದು ಅವಳ ತೆರೆದ ಬಾಯನ್ನೇ ನೋಡಿದ. ಅವಳ ಎದೆಯ ಮೇಲೆ ಕೈಯಿಟ್ಟ. ಅಳುವಿಗೆ ಅದು ನಡುಗುವುದು ತಿಳಿದು ನಕ್ಕ. ನನ್ನ ಹೊಟ್ಟೆ ಮತ್ತೆ ಉರಿಯಿತು. ಈ ಸಲ ನಿನ್ನ ಮೇಲಲ್ಲ, ನಾನೇ ಹೆತ್ತ ಮಗಳ ಮೇಲೆ. ಅವನ ಪಾಲನ್ನು ಉಂಡು ಹುಟ್ಟಿದ್ದಾಳೆ ಇವಳು.